ಗೇಟಿನ ಬಳಿ ಕಾದದ್ದು

ಮೇ ೧೪, ಮಂಗಳವಾರ

ಗುಬ್ಬಿ ಮಗಳೇ,

ನೀನು ಚೆನ್ನಾಗಿದ್ದೀಯೆಂದು ಟಿವಿಯಲ್ಲಿ ನೋಡಿಯೇ ತಿಳಿಯಿತು, ಮುಖ ತುಂಬಿಕೊಂಡಿದೆ. ಒಂದೇ ಊರಿನಲ್ಲಿದ್ದು ಕಾಗದವೇ ಅಂತ ನಗಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ತಡವಾದದ್ದು ಏಕೆಂದರೆ, ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಹರಿದುಹಾಕುತ್ತಿದ್ದೆ. ಇದೂ ಸಿಟ್ಟಿನದೇ, ಆದರೆ ಅಂಚೆಗೆ ಹಾಕುತ್ತೇನೆ.

ಮತದಾನ ಏಕೆ ಕಡಿಮೆಯಾಯಿತೆಂದು ಆ ನಿರೂಪಕ ಕೇಳಿದಾಗ, ಪ್ರೊಫೆಸರ್ ತಾಯಿ, ನೀನು 'ವೋಟರ್ ಅಪಥಿ' ಅಂದೆ. ಆ ಪದ ನನಗೆ ಕಾಲೇಜು ಪರೀಕ್ಷೆಗೆ ಬಂದಿತ್ತು, ಬಿಟ್ಟು ಬಂದಿದ್ದೆ. ಪುಣ್ಯಕ್ಕೆ ನೀನೇ ಬಿಡಿಸಿ ಹೇಳಿದೆ: "ಸೋಮಾರಿತನ. ರಜೆ ಸಿಕ್ಕರೆ ಹೊದ್ದು ಮಲಗುತ್ತಾರೆ."

ಯಾರು ಮಲಗಿದವರು? ನಮ್ಮ ಓಣಿಯವರೇ?

ನಿನ್ನ ಅಮ್ಮ ಇದ್ದಾಗ ಮತದಾನದ ಬೆಳಗ್ಗೆ ಮನೆಮನೆಯ ಕದ ತಟ್ಟುತ್ತಿದ್ದಳು. ಯಾರಿಗೆ ಹಾಕಬೇಕೆಂದು ಒಂದು ಮಾತಿಲ್ಲ. "ಹೊರಡಿ, ಹೊರಡಿ" ಅಷ್ಟೇ. ಇಡೀ ಓಣಿ ಅವಳ ಹಿಂದೆ. ಈ ಸಲ ನಾನು ತಟ್ಟಿದೆ. ಎದುರುಮನೆ ನರ್ಸಮ್ಮ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದಳು. "ಬದಲಿಯವಳು ಬರಲಿಲ್ಲ ಅಂಕಲ್, ಈಗಲೇ ಮತ್ತೆ ಡ್ಯೂಟಿಗೆ ಓಡಬೇಕು. ರಜೆ ಅನ್ನೋದು ನಿಮ್ಮ ಪೇಪರಲ್ಲಿ ಮಾತ್ರ" ಅಂದಳು.

ಟೈಲರ್ ಊರುಗೋಲು ಹಿಡಿದು ಜೊತೆಗೆ ಬಂದ. ಬೂತನ್ನು ಈ ಸಲ ಎರಡನೇ ಮಹಡಿಗೆ ಏರಿಸಿದ್ದಾರೆ, ಲಿಫ್ಟ್ ಇಲ್ಲ. ಮೊದಲ ತಿರುವಿನಲ್ಲೇ ಕುಸಿದು ಕೂತ. "ಯಜಮಾನ್ರೇ, ಆ ಮಿಷಿನ್ನ ಹೊತ್ಕೊಂಡು ಹೋದರಲ್ಲ, ನನ್ನನ್ನೂ ಹೊರಬಹುದಿತ್ತು" ಅಂದ. ಕಾವಲಿದ್ದ ಪೊಲೀಸಿನವನು ನಕ್ಕ. ಟೈಲರ್ ನಗಲಿಲ್ಲ. ಕೂತಲ್ಲಿಂದಲೇ ಒಂದೊಂದೇ ಮೆಟ್ಟಿಲು ಜಾರುತ್ತಾ ಇಳಿದ. ಅವನನ್ನು ಆಟೋ ಹತ್ತಿಸಿ ಗೇಟಿನ ಬಳಿ ನಿಂತೆ.

ಇದಕ್ಕೆ ಸೋಮಾರಿತನ ಅಂತ ಹೆಸರಿಡುತ್ತೀಯಾ? ಟಿವಿಯವರು ಮತ್ತೆ ಕರೆದರೆ ಆ ಮಾತು ವಾಪಸು ತೆಗೆದುಕೊ. ಇದು ರಿಕ್ವೆಸ್ಟ್ ಅಲ್ಲ, ಅದಕ್ಕಿಂತ ಮೇಲಿನದೇನೋ ಒಂದು. ಪದ ನೆನಪಿಗೆ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಒಳ್ಳೆಯದಾಗಲಿ ಮಗಳೇ, ನಿನ್ನ ಮಾತಿಗೆ ಇನ್ನೂ ತೂಕ ಬರಲಿ.

ನಿನ್ನ
ಅಪ್ಪ

ಮರೆತಿದ್ದೆ: ನಿನ್ನ ವೋಟೂ ಇನ್ನೂ ನಮ್ಮ ಬೂತಿನಲ್ಲೇ ಇದೆ. ಅಮ್ಮ ಹೋದ ಮೇಲಿನ ಮೊದಲ ಚುನಾವಣೆ, ನೀನು ಬಂದೇ ಬರುತ್ತೀಯೆಂದುಕೊಂಡೆ. ಅವಳಿಲ್ಲದೆ ಒಬ್ಬನೇ ವೋಟು ಹಾಕಿ ಅಭ್ಯಾಸವಿಲ್ಲ. ನಿನ್ನ ಜೊತೆ ಮೆಟ್ಟಿಲು ಹತ್ತೋಣವೆಂದು ಬೂತಿನ ಬಾಗಿಲು ಹಾಕುವವರೆಗೂ ಕೆಳಗೇ ಕಾದೆ. ಮನೆಗೆ ಬಂದು ಟಿವಿ ಹಾಕಿದರೆ ನೀನು ಅಲ್ಲಿ ಕೂತು, ಬಾರದವರ ಬಗ್ಗೆ ಹೇಳುತ್ತಿದ್ದೆ. ನಿನ್ನ ಸೋಮಾರಿಗಳ ಜೊತೆ ನನ್ನನ್ನೂ ಸೇರಿಸಿಕೊ.