ಕೈಗೆ ಸಿಗುವ ದನಿ

ಹಿಂದೂಪುರ
ಬುಧವಾರ, ೧೯ ನವೆಂಬರ್ ೨೦೨೫

ಕಲ್ಯಾಣದುರ್ಗದಲ್ಲಿ ಅಕ್ಕನ ಕೈಯೂಟ ಮಾಡಿಕೊಂಡು ಸಿಟ್ಟಿನಲ್ಲಿ ಕುಳಿತಿರುವ ಕೇಶವ ಬಾವನಿಗೆ, ನಿನಗಿಂತ ಹೆಚ್ಚು ಸಿಟ್ಟಿನಲ್ಲಿರುವ ಹೆಂಡತಿ ಭ್ರಮರಾಂಬಳ ನಮಸ್ಕಾರ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ಶುರು ಮಾಡಿದ ಮಾತನ್ನು ಮುಗಿಸುವವನು ನೀನು. ವಾಟ್ಸಾಪ್‌ನಲ್ಲಿ ಕೇಳಿದರೆ ಉತ್ತರಕ್ಕೆ ವಾಯ್ಸ್ ಮೆಸೇಜ್ ಬರುತ್ತದೆ. ಹಿಂದೆ ಬಸ್ಸಿನ ಹಾರ್ನ್, ಮುಂದೆ ನಿನ್ನ ವೇವ್‌ಟೇಬಲ್ ಕೀಬೋರ್ಡಿನ ಪುರಾಣ. ನಿನ್ನೆಯದನ್ನು ಕೇಳುತ್ತಾ ಅವರೆಕಾಯಿ ಸುಲಿಯಲು ಕುಳಿತೆ. ಕಾಯಿ ಮುಗಿಯಿತು, ನೀನು ಮುಗಿಸಲಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲಾಗುವುದಿಲ್ಲ. ಕುಳಿತು ಪೂರ್ತಿ ಓದು.

ನಿನ್ನಕ್ಕ ಪೆದ್ದಕ್ಕ ಮೊನ್ನೆ ಫೋನ್ ಮಾಡಿದ್ದಳು. “ಏ ಭ್ರಮರಾ, ಮೊಗುಡೂ ಪೆಳ್ಳಾಂ, ಗಂಡ ಹೆಂಡ್ತಿ ಮಧ್ಯ ಆ ಡಬ್ಬ ಯಾಕ್ ಬಂತಮ್ಮ? ಅವ್ನು ಕೇಳಿದ್ದೇ ತಗೊಂಬುಡು. ನನ್ ಮನೇಲಿ ಕೂತ್ಕೊಂಡು ಹಪ್ಪಳದ ಡಬ್ಬ ಬಡ್ಕೊಂಡು ಹಾಡ್ತಾ ಅವ್ನೆ, ತಲೆ ಕೆಟ್ಟೋಗೈತೆ ನಂಗೆ” ಎಂದಳು. ನನಗೆ ನಗು ಬಂತು. ನಕ್ಕರೆ ನಿನಗೆ ಸುದ್ದಿ ಮುಟ್ಟುತ್ತದೆಂದು ನಗಲಿಲ್ಲ.

ಡಬ್ಬವಂತೆ! ಇಷ್ಟು ವರ್ಷ ಮದುವೆ ರಿಸೆಪ್ಷನ್‌ಗಳಲ್ಲಿ ನೀನು ಹಾಡಿದ್ದು, ನಾನು ನುಡಿಸಿದ್ದು, ನಮ್ಮ ತಂಡದ ಅಂಜಿ ತಾಳದ ಪ್ಯಾಡ್ ಬಾರಿಸಿದ್ದು, ಎಲ್ಲಕ್ಕೂ ಮೈ ಕೊಟ್ಟಿದ್ದು ಅಂಥದೊಂದು ಡಬ್ಬವೇ. ಚಿಲಮತ್ತೂರಿನ ರಿಸೆಪ್ಷನ್‌ನಲ್ಲಿ ಜನರೇಟರ್ ಕರೆಂಟು ಏಕಾಏಕಿ ಏರಿ ನಮ್ಮ ಹಳೆಯ ಕೀಬೋರ್ಡ್, ಆ ಸಿಂಥಸೈಸರ್, ಹೊಗೆ ಬಿಟ್ಟಾಗ, ಗಂಡು ಹೆಣ್ಣು ವೇದಿಕೆ ಮೇಲೆ ನಿಂತೇ ಇದ್ದರು. ನೀನು ಮೈಕ್ ಹಿಡಿದು ವಾದ್ಯದ ಜೊತೆಯಿಲ್ಲದೆ ಹಾಡಿ ಮಾನ ಉಳಿಸಿದೆ. ಆವತ್ತು ನಿನ್ನ ಮೇಲೆ ಎಷ್ಟು ಪ್ರೀತಿ ಬಂದಿತ್ತು ಎಂದು ಹೇಳಿರಲಿಲ್ಲ. ಈಗ ಹೇಳುವ ಮನಸ್ಸೂ ಇಲ್ಲ.

ಆಮೇಲೆ ಹೊಸದು ಕೊಳ್ಳಲು ಬೆಂಗಳೂರಿಗೆ ಹೋದೆವು. ಅಂಗಡಿಯವರು ಎರಡನ್ನು ಎದುರಿಗಿಟ್ಟರು. ನೀನು ನನಗೆ ದಿನವೂ ಪಾಠ ಹೇಳುವುದು ಬೇಡ, ನನಗೂ ಗೊತ್ತು. ಒಂದು ವರ್ಚುವಲ್ ಅನಲಾಗ್: ಹಿಂದಿನ ಕಾಲದ ಸರ್ಕ್ಯೂಟುಗಳು ಮಾಡುತ್ತಿದ್ದ ದನಿಯನ್ನು ಕಂಪ್ಯೂಟರ್ ಚಿಪ್ ಒಳಗೆ ಲೆಕ್ಕ ಹಾಕಿ ಅನುಕರಿಸುವುದು. ಗರಗಸದ ಹಲ್ಲಿನಂಥ ಅಲೆ, ಚೌಕದ ಅಲೆ, ಹೆಚ್ಚುಕಡಿಮೆ ಅಷ್ಟೇ ಅದರ ಬಂಡವಾಳ. ಅದನ್ನು ಫಿಲ್ಟರಿನಲ್ಲಿ ಸೋಸಿ, ತಿದ್ದಿ, ಬೇಕಾದ ದನಿ ಮಾಡಿಕೊಳ್ಳಬೇಕು. ಮೈತುಂಬ ತಿರುಗಿಸುವ ನಾಬ್‌ಗಳು, ಒಂದಕ್ಕೆ ಒಂದೇ ಕೆಲಸ. ಇನ್ನೊಂದು ನಿನ್ನ ವೇವ್‌ಟೇಬಲ್: ಅದರೊಳಗೆ ಬಗೆಬಗೆಯ ಅಲೆಗಳು ಸಾಲಾಗಿ ತುಂಬಿರುತ್ತವೆ, ಒಂದು ಕೀ ಒತ್ತಿ ಹಿಡಿದರೆ ದನಿ ಒಂದರಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತದೆ. ನಾಬ್ ನಾಲ್ಕಾರು, ಉಳಿದ ಸಂಸಾರವೆಲ್ಲ ಅಂಗೈಯಷ್ಟಗಲದ ಪರದೆಯೊಳಗೆ.

ನೀನು ಅದರ ಮುಂದೆ ಮದುಮಗನ ಹಾಗೆ ನಿಂತೆ. ಗಾಜಿನ ಬಳೆ ತಾಕಿದಂತೆ ಶುರುವಾದ ಸ್ವರ ಕೊಳಲಿನಂತೆ ಮುಗಿಯುವುದನ್ನು ಕೇಳಿ ಅಂಗಡಿಯವನ ಹೆಗಲು ತಟ್ಟಿದೆ. “ನೀ ನುಡ್ಸಮ್ಮ, ಪರದೇಲಿ ಮೂರ್ನೇ ಸಾಲಿಗ್ ಹೋಗಿ ಒಳಗಡೆ ಫಿಲ್ಟರ್ ಅಂತೈತಲ್ಲ, ಅದನ್ನೊತ್ತು” ಎಂದೆ. ನಾನು ಒತ್ತಿದ್ದು ಬೇರೆ ಯಾವುದನ್ನೋ. ದನಿ ಸತ್ತುಹೋಯಿತು. ಮತ್ತೆ ಒತ್ತಿದೆ. ಕರ್ಕಶವಾಗಿ ಕಿರುಚಿತು. ಪಕ್ಕದಲ್ಲಿ ಗಿಟಾರ್ ನೋಡುತ್ತಿದ್ದವರು ತಿರುಗಿ ನೋಡಿದರು. ಆಗ ನೀನು ನಗುತ್ತಾ, “ಓದಾಕ್ ಬರಲ್ವಾ ನಿಂಗೆ? ಕಣ್ಣೆದ್ರುಗೇ ಐತಲ್ಲೇ!” ಎಂದೆ.

ನಾನು ಆ ಯಂತ್ರಕ್ಕೆ ತಗಡಿನ ದನಿ ಎಂದು ಬೈದು ಹೊರಗೆ ಬಂದೆ. ರೈಲು ಹತ್ತಿ ಹಿಂದೂಪುರಕ್ಕೆ ಬಂದೆವು. ಮರುದಿನ ನೀನು ಚೀಲ ತುಂಬಿಕೊಂಡೆ. “ನಿಂಗೆ ಹೊಸದು ಅಂದ್ರೇನೇ ಆಗಲ್ಲ. ಹಳೇ ದನೀನೇ ಹಿಡ್ಕಂಡು ಕೂತ್ಕೊ. ನಾನ್ ಅಕ್ಕನ ಮನೇಗ್ ಹೋಯ್ತೀನಿ” ಎಂದು ಬಸ್ ಹತ್ತಿದೆ. ಅಲ್ಲಿಂದ ಇಲ್ಲಿಯವರೆಗೆ ನಿನ್ನದು ಒಂದೇ ವಾದ: ವೇವ್‌ಟೇಬಲ್ ಆದರೆ ಈಗಿನ ಹುಡುಗರು ಕೇಳುವ ಹಾಡೆಲ್ಲ ನುಡಿಸಬಹುದು, ವೇವ್‌ಟೇಬಲ್ ಆದರೆ ಅನಂತಪುರದವರೂ ಕರೆಯುತ್ತಾರೆ. ಅಲೆಯ ಆಕಾರದ ಚಿತ್ರ ಬಿಡಿಸಿ ಕಳಿಸಿದೆ. ಯಾರೋ ಪರದೇಶದವನು ತಲೆಯಾಡಿಸುತ್ತಾ ನುಡಿಸುವ ವಿಡಿಯೊ ಕಳಿಸಿದೆ. ಹೊಸದನ್ನು ಕಂಡರೆ ಎಂದೂ ಹಿಂದೆ ಸರಿಯದ ನಿನ್ನ ಹೆಂಡತಿ ಇದೊಂದಕ್ಕೆ ಯಾಕೆ ಬೇಡ ಅನ್ನುತ್ತಿದ್ದಾಳೆ ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ. ಹಳೆಯ ಸಿಂಥಸೈಸರ್ ಮನೆಗೆ ತಂದವಳು ನಾನು. ಆಗ ಹಾರ್ಮೋನಿಯಂ ಸಾಕು ಎಂದು ಮುಖ ಊದಿಸಿಕೊಂಡವನು ನೀನು. ಅದೂ ಮರೆತುಹೋಯಿತೆ?

ಬಾವ, ನನಗೆ ಆ ಪರದೆ ಕಾಣಿಸಲಿಲ್ಲ.

ಓದಲು ಬಾರದೆ ಅಲ್ಲ. ಅಕ್ಷರಗಳಿದ್ದ ಜಾಗದಲ್ಲಿ ಬೂದು ಬಣ್ಣದ ಮಸುಕು, ಅದರ ಅಂಚಿನಲ್ಲಿ ಇರುವೆ ಹರಿದಾಡಿದಂತೆ ಏನೋ. ಸಾಲು ಎಣಿಸಿ ಅಂದಾಜಿನಲ್ಲಿ ಒತ್ತಿದೆ, ಅದೂ ತಪ್ಪಿತು. ಬೆಂಗಳೂರಿಗೆ ಹೋಗುವ ಮೊದಲೇ ಇಲ್ಲಿನ ಕಣ್ಣಿನ ಡಾಕ್ಟರಮ್ಮನ ಬಳಿಗೆ ಹೋಗಿದ್ದೆ. ಕಣ್ಣಿನ ಹಿಂದಿನ ಪದರ ನಟ್ಟನಡುವೆ ಸವೆಯುತ್ತಿದೆಯಂತೆ. ಕನ್ನಡಕದಿಂದ ಸರಿಹೋಗುವುದಲ್ಲ. ಸುತ್ತಲಿನ ನೋಟ ಉಳಿಯುತ್ತದೆ, ಪೂರ್ತಿ ಕತ್ತಲಾಗುವುದಿಲ್ಲ, ಆದರೆ ದಿಟ್ಟಿಸಿ ನೋಡಿದ್ದು ಮಸುಕಾಗುತ್ತಾ ಹೋಗುತ್ತದೆ ಎಂದರು. “ಯಾವ ಪನಿ ಮಾಡ್ತೀರಮ್ಮ?” ಎಂದು ಕೇಳಿದರು. ಕೀಬೋರ್ಡ್ ನುಡಿಸುತ್ತೇನೆ ಎಂದೆ. “ಕೈ ನೋಡ್ಕೊಂಡು ನುಡಿಸ್ತೀರಾ?” ಎಂದರು. ಇಲ್ಲ ಎಂದೆ. “ಮರಿಂಕೇಮಿ, ಮತ್ತಿನ್ನೇನು, ನುಡಿಸಿ” ಎಂದರು. ಅವರ ಮಾತು ಕೇಳಿ ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಬಂದೆ.

ನಿನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಮೊದಲು ಅಳುತ್ತಿದ್ದೆ. ಆಮೇಲೆ ಊರಿಗೆಲ್ಲ ಹೇಳುತ್ತಿದ್ದೆ. ಆಮೇಲೆ “ಪಾಪ, ನೀ ರೆಸ್ಟ್ ತಗಳಮ್ಮ” ಎಂದು ನನ್ನನ್ನು ಮನೆಯಲ್ಲಿ ಕೂರಿಸಿ ಬೇರೆ ಯಾರನ್ನಾದರೂ ಕರೆದುಕೊಂಡು ರಿಸೆಪ್ಷನ್‌ಗೆ ಹೋಗುತ್ತಿದ್ದೆ, ಅದೂ ನನ್ನ ಮೇಲಿನ ಪ್ರೀತಿಗೇ. ಆ ಪಾಪ ಅನ್ನುವ ಮಾತು ಕೇಳುವುದಕ್ಕಿಂತ ಮೊಂಡಿ ಅನಿಸಿಕೊಳ್ಳುವುದೇ ಮೇಲೆಂದು ಸುಮ್ಮನಿದ್ದೆ. ಗಾಬರಿಯಾಗಬೇಡ, ಸಣ್ಣ ಅಕ್ಷರ ಮಾತ್ರ ತೊಂದರೆ. ಈ ಕಾಗದದಲ್ಲಿ ಅಕ್ಷರಗಳು ಇಷ್ಟು ದಪ್ಪ ಯಾಕೆ, ಒಂದು ಪುಟಕ್ಕೆ ಬರುವ ವಿಷಯಕ್ಕೆ ಇಷ್ಟು ಹಾಳೆ ಯಾಕೆ ಎಂದು ಈಗ ತಿಳಿಯಿತಲ್ಲ.

ಹೋದ ವಾರ ನಾನೊಬ್ಬಳೇ ಮತ್ತೆ ಬೆಂಗಳೂರಿಗೆ ಹೋದೆ. ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. ಮತ್ತೆ ಬೈಯಲು ಬಂದಳೇನೋ ಎಂದು ದೂರವೇ ನಿಂತ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾಪ ಅನ್ನಲಿಲ್ಲ. ಕುರ್ಚಿ ಎಳೆದುಕೊಟ್ಟು, ಹೆಡ್‌ಫೋನ್ ಕೊಟ್ಟು, “ಎಷ್ಟೊತ್ತಾದ್ರೂ ನುಡ್ಸಿ ಮೇಡಂ” ಎಂದು ಹೋದ. ಕಣ್ಣು ಮುಚ್ಚಿಕೊಂಡೇ ಎರಡನ್ನೂ ನುಡಿಸಿದೆ.

ನೀನು ಹೇಳಿದ್ದು ನಿಜ. ವೇವ್‌ಟೇಬಲ್ ದನಿಗೆ ಸಾಟಿಯಿಲ್ಲ. ತಗಡು ಎಂದದ್ದು ಸುಳ್ಳು. ಆವತ್ತೇ ಅದರ ದನಿ ನನಗೆ ಹಿಡಿಸಿತ್ತು. ಮಂದ್ರದಲ್ಲಿ ಒಂದು ಸ್ವರ ಹಿಡಿದು ಬಿಡದೆ ಕುಳಿತೆ, ಅದು ಬಣ್ಣ ಬದಲಿಸುತ್ತಾ ಬದಲಿಸುತ್ತಾ ಎಲ್ಲಿಗೋ ಹೋಯಿತು. ನನಗೆ ಅಳು ಬಂತು. ಆದರೆ ಆ ದನಿಯನ್ನು ಒಂದಿಷ್ಟು ತಿದ್ದೋಣವೆಂದರೆ ಮತ್ತೆ ಅದೇ ಪರದೆ, ಒಳಗೆ ಹೋಗು, ಹೊರಗೆ ಬಾ. ಯಾರೋ ಮಾಡಿಟ್ಟ ದನಿಯನ್ನು ನುಡಿಸಬಹುದಿತ್ತು, ನನ್ನದನ್ನು ಮಾಡಿಕೊಳ್ಳುವಂತಿರಲಿಲ್ಲ. ಆಮೇಲೆ ನಾಬ್‌ಗಳಿರುವ ಇನ್ನೊಂದರ ಮುಂದೆ ಕುಳಿತೆ. ಎಡಗಡೆಯವು ಅಲೆಗೆ, ನಡುವಿನ ದೊಡ್ಡದು ಫಿಲ್ಟರಿಗೆ, ಬಲಗಡೆಯ ಸಾಲು ದನಿ ಏರಿ ಇಳಿಯುವುದಕ್ಕೆ. ಸ್ವಲ್ಪ ಹೊತ್ತಿಗೆ ಬೆರಳುಗಳು ಕೇಳದೆಯೇ ಹೋಗಿ ಕುಳಿತವು. ಅಲ್ಲಿಯೇ ಮಂದ್ರದ ಒಂದು ಬೇಸ್ ದನಿ ಮಾಡಿದೆ. ಪೂರ್ತಿ ನಾನೇ ಮಾಡಿದ್ದು.

ಅದನ್ನೇ ಕೊಂಡು ತಂದೆ, ನಿನ್ನನ್ನು ಕೇಳದೆಯೇ. ಈಗ ದಿವಾನ್ ಮಂಚದ ಮೇಲೆ, ನೀನು ಮಲಗುತ್ತಿದ್ದ ಜಾಗದಲ್ಲಿದೆ. ಅದಕ್ಕೂ ತನ್ನದೇ ಕಾಟವಿದೆ: ಮೊದಲೇ ಉಳಿಸಿಟ್ಟ ದನಿಯನ್ನು ಕರೆದರೆ ನಾಬ್ ಒಂದು ಕಡೆ ನಿಂತಿರುತ್ತದೆ, ದನಿ ಇನ್ನೊಂದು ಕಡೆ, ಮುಟ್ಟಿದ ಕೂಡಲೇ ಎಗರುತ್ತದೆ. ನಿನ್ನ ಸ್ವಭಾವವೇ. ಅದಕ್ಕೆ ಹಾಡು ಹಾಡಿಗೂ ಮೊದಲಿನಿಂದ ಕಟ್ಟಿಕೊಳ್ಳುತ್ತೇನೆ. ಫಿಲ್ಟರ್ ನಾಬ್ ಮೇಲೆ ಬೆಂಕಿಕಡ್ಡಿಯ ತುಂಡು ಅಂಟಿಸಿದ್ದೇನೆ, ಯಾವ ಕಡೆಗೆ ತಿರುಗಿದೆ ಎಂದು ಬೆರಳಿಗೆ ತಿಳಿಯುತ್ತದೆ. ಅಂಜಿ ಪ್ಯಾಡ್ ತಂದು ಜೊತೆಗೆ ಬಾರಿಸಿದ. “ಅಕ್ಕೋ, ಎದೇಗೇ ಬಂದ್ ಗುದ್ತು ಕಣಕ್ಕೋ” ಎಂದ. ಅವನಿಗೂ ಕಣ್ಣಿನ ವಿಷಯ ಹೇಳಿದ್ದೇನೆ. ಕೇಳಿದವನೇ “ಇನ್ನೊಂದ್ಸಲ ನುಡ್ಸು” ಎಂದ. ಅದು ನನಗೆ ಬೇಕಾಗಿದ್ದ ಮಾತು, ನೀನು ಕಲಿತುಕೊ.

ಇದೇ ಮೂವತ್ತನೇ ತಾರೀಕು ಕಲ್ಯಾಣದುರ್ಗದಲ್ಲೇ ರಿಸೆಪ್ಷನ್ ಒಪ್ಪಿಕೊಂಡಿದ್ದೇನೆ. ನೀನು ಬಂದರೆ ನೀನು ಹಾಡುತ್ತೀಯ. ಬರದಿದ್ದರೆ ಹಾಡಲು ಮಡಕಶಿರಾದಿಂದ ಶ್ರೀಲತಾ ಬರುತ್ತಾಳೆ, ಮಾತಾಡಿದ್ದೇನೆ. ನುಡಿಸುವವಳು ಮಾತ್ರ ನಾನೇ. ಅಭ್ಯಾಸಕ್ಕಾದರೆ ಈ ಭಾನುವಾರದೊಳಗೆ ಹಿಂದೂಪುರದ ಬಸ್ ಹತ್ತು. ನನ್ನನ್ನು ನೋಡಿಕೊಳ್ಳಲು ಬರುವುದಾದರೆ ಪೆದ್ದಕ್ಕನ ಮನೆಯಲ್ಲೇ ಇರು.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಭ್ರಮರಾಂಬ

ತಾ.ಕ.: ಸಣ್ಣ ಅಕ್ಷರ ಮಾತ್ರ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಅಂಜಿ ಪ್ಯಾಡ್ ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಂತಾಗ ಬೆಳಕು ಹಿಂದಿತ್ತು, ಎತ್ತರ ನಿನ್ನದೇ. “ಬಂದ್ಯಾ ಬಾವ” ಎಂದುಬಿಟ್ಟೆ. ಪಾಪ, “ನಾನು ಅಂಜಿ ಕಣಕ್ಕೋ” ಎಂದ. ನೀನು ಬಂದರೆ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಡ. ಏನಾದರೂ ಒಂದು ಮಾತಾಡು, ಬೈಗುಳವಾದರೂ ಪರವಾಗಿಲ್ಲ.