ರಾಣಿಯ ತುಟಿ

ಅಮೃತಹಳ್ಳಿ
11 ಫೆಬ್ರವರಿ 2025

ಗೆಳೆಯ ಲಾಲ್ ಸಾಬ್‌ಗೆ ಅನಂತರಾಜು ಮಾಡುವ ನಮಸ್ಕಾರ.

ನೀನೂ ಮಗಳು ಗಜಾಲಾ, ಮೊಮ್ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಗೌರಿಯ ಹನ್ನೊಂದನೇ ದಿನದ ಕಾರ್ಯಕ್ಕೂ ಹೇಳಿಕಳಿಸಲಿಲ್ಲವೆಂದು ಸಿಟ್ಟಾಗಿದ್ದೀಯ. ಆಗಬೇಕಾದ್ದೇ. ಯಶವಂತಪುರದ ಆಲೂಗಡ್ಡೆ ಮಂಡಿಯಲ್ಲಿ ಮೂವತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ನಾವು, ಆ ಡಬ್ಬಿ ಕಟ್ಟಿಕೊಡುತ್ತಿದ್ದವಳು ಅವಳು. ಫೋನಿನಲ್ಲಿ ನೀನು "ಗೌರಕ್ಕಂಗೆ ಏನಾಯ್ತೋ?" ಎಂದು ಕೇಳಿದಾಗ ನ್ಯುಮೋನಿಯಾ ಎಂದೆ. ಅದು ಅರ್ಧ ನಿಜ. ಉಳಿದರ್ಧ ನಿನಗಾದರೂ ಹೇಳಬೇಕು. ನಿನ್ನ ದನಿ ಕೇಳಿದರೆ ಹೇಳಲಾಗುವುದಿಲ್ಲವೆಂದು ಈ ಕಾಗದ.

ಅವಳಿಗೆ ಮರೆವಿನ ಕಾಯಿಲೆ ಶುರುವಾದ ಮೇಲೆ ನಾನು ಮನೆ ಬಿಟ್ಟು ಕದಲುವಂತಿರಲಿಲ್ಲ. ಸುಮ್ಮನೆ ಕೂತರೆ ನನಗೂ ಹುಚ್ಚು ಹಿಡಿಯುತ್ತದೆಂದು ಆಯಿಲ್ ಪೇಂಟಿಂಗ್ ಕಲಿಯಲು ಹೊರಟೆ. ಅರವತ್ತಕ್ಕೆ ಅರಳು ಮರಳು ಎಂದು ನಗಬೇಡ. ಸಹಕಾರನಗರದ ರಮ್ಯ ಎಂಬ ಹುಡುಗಿ ವಾರಕ್ಕೆರಡು ದಿನ ಮನೆಗೇ ಬಂದು ಕಲಿಸುತ್ತಿದ್ದಳು. ಮುಖ ಬರೆಯಬೇಕಾದರೆ ಹಳಬರದ್ದನ್ನು ನಕಲು ಮಾಡಬೇಕಂತೆ. ಇನ್ನೂರು ವರ್ಷದ ಹಿಂದಿನ ಯಾವುದೋ ಯುರೋಪಿನ ರಾಣಿಯ ಚಿತ್ರ ತಂದುಕೊಟ್ಟಳು: ಬಿಳಿ ರೇಷ್ಮೆ, ಕೆಂಪು ಮಖಮಲ್ಲು, ಕಿರೀಟ. "ಅಂಕಲ್, ಸ್ಕಿನ್ ಮೇಲೆ ಒಂದೇ ಒಂದ್ ಬ್ರಷ್ ಗುರುತು ಕಾಣ್ಬಾರ್ದು, ಪಿಂಗಾಣಿ ಥರ ಇರ್ಬೇಕು" ಎಂದಳು. ಮೊದಲು ಮುಖವನ್ನೆಲ್ಲ ಬೂದುಬಣ್ಣದಲ್ಲಿ ಬರೆದು, ಒಣಗಿದ ಮೇಲೆ ಮೈಬಣ್ಣವನ್ನು ತೆಳ್ಳಗೆ ಪದರ ಪದರವಾಗಿ ಹಚ್ಚಬೇಕು. ಕೆನ್ನೆಗಳಿಗೇ ಎರಡು ತಿಂಗಳು ಹಿಡಿಯಿತು.

ಗೌರಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. "ಆಯಮ್ಮ ಬೆಳಗ್ಗಿಂದ ಇಂಗೇ ಕುಂತವ್ಳೆ, ಒಂದ್ ಲೋಟ ಕಾಪಿನೂ ಕೊಡ್ಲಿಲ್ವಲ್ರೀ" ಎಂದು ಚಿತ್ರದ ರಾಣಿಯನ್ನು ತೋರಿಸಿ ನನ್ನನ್ನೇ ಗದರುತ್ತಿದ್ದಳು. ನಿಜ ಹೇಳುತ್ತೇನೆ, ಆ ಆರು ತಿಂಗಳು ನಾನು ಸಂತೋಷವಾಗಿದ್ದೆ.

ಬಣ್ಣ ತೆಳು ಮಾಡಲು, ಬ್ರಷ್ ತೊಳೆಯಲು ಟರ್ಪೆಂಟೈನ್ ಬೇಕು. ಪ್ಲಾಸ್ಟಿಕ್ ಕಪ್ಪಿಗೆ ಹಾಕಿದರೆ ಕಪ್ಪೇ ಕರಗುತ್ತದೆ, ಮುಚ್ಚಳವಿರುವ ಗಾಜಿನ ಬಾಟಲಿ ತರಿಸಿ ಎಂದಿದ್ದಳು ರಮ್ಯ. ಅಷ್ಟಕ್ಕೆ ಅಂಗಡಿಗೆ ಯಾರು ಹೋಗುತ್ತಾರೆಂದು ಅಡುಗೆಮನೆಯಿಂದ ಸ್ಟೀಲ್ ಲೋಟ ತಂದಿಟ್ಟುಕೊಂಡೆ. ನೋಡಲು ನೀರೇ. ಜನವರಿ ಒಂಬತ್ತರ ಮಧ್ಯಾಹ್ನ ಅದನ್ನು ಗೌರಿ ಕುಡಿದುಬಿಟ್ಟಳು. ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಳು, ಅದು ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು.

"ಮರೆವಿನ ಪೇಷಂಟು, ಏನ್ ಮಾಡಕ್ಕಾಗುತ್ತೆ" ಎಂದರು ಡಾಕ್ಟರು. ಪೊಲೀಸರೂ ಅಷ್ಟನ್ನೇ ಬರೆದುಕೊಂಡರು. ಅವಳ ತಮ್ಮ ಮುನಿಕೃಷ್ಣಪ್ಪ ನನ್ನ ಭುಜ ಹಿಡಿದು, "ಭಾವ, ನೀವು ನೋಡ್ಕಂಡಂಗೆ ಯಾರೂ ನೋಡ್ಕಳ್ತಿರ್ಲಿಲ್ಲ" ಎಂದು ಅತ್ತ. ನಾನು ತಲೆಯಾಡಿಸಿದೆ.

ರಮ್ಯ ಈಗ ಬರುವುದಿಲ್ಲ. ಪಾಪ, ಅವಳದೇನೂ ತಪ್ಪಿಲ್ಲ, ಹೇಳಿದ್ದನ್ನು ಕೇಳದವನು ನಾನು. ನಿನ್ನ ಕಾಲುನೋವಿಗೆ ಬಿಸಿನೀರಿನ ಶಾಖ ಕೊಡು, ಮಾತ್ರೆ ತಪ್ಪಿಸಬೇಡ. ಗಜಾಲಾಗೂ ಮಕ್ಕಳಿಗೂ ನನ್ನ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಅನಂತರಾಜು

ಸಹಿ ಹಾಕಿದ ಮೇಲೆ:
ಗೌರಿ ತಾನಾಗೇ ಕುಡಿದಳೆಂದು ಎಲ್ಲರಿಗೂ ಹೇಳಿದವನು ನಾನೇ. ಈಚೆಗೆ ಅವಳು ನನ್ನನ್ನು ಕೇಳದೆ ಏನೂ ಮಾಡುತ್ತಿರಲಿಲ್ಲ ಕಣೋ. ಕೂರಲಾ, ತಿನ್ನಲಾ, ಮಲಗಲಾ, ಎಲ್ಲಕ್ಕೂ ಕೇಳಬೇಕು. ಆವತ್ತೂ ಲೋಟ ಕೈಯಲ್ಲಿ ಹಿಡಿದುಕೊಂಡು, "ಇದು ಒಂಥರಾ ಗಾಟು ವಾಸ್ನೆ ಬತ್ತದೆ, ಕುಡೀಲಾ?" ಎಂದು ಎರಡು ಸಲ ಕೇಳಿದಳು. ನಾನು ರಾಣಿಯ ಕೆಳತುಟಿಗೆ ಬೆಳಕಿನ ಚುಕ್ಕೆ ಇಡುತ್ತಿದ್ದೆ, ಕೈ ಅಲುಗುವಂತಿರಲಿಲ್ಲ. ತಿರುಗಿ ನೋಡದೆ "ಹೂಂ, ಕುಡಿ" ಎಂದೆ.