ಬೇರೆಯವರ ಚೀಟಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕ,

ಮೊನ್ನೆ ಮತ್ತೆ ಕೆಟ್ಟ ಕನಸು. ಎಂಟನೇ ಕ್ಲಾಸಿನ ಬೆಂಚಿನ ಮೇಲೆ ನಮ್ಮ ಆಫೀಸಿನ ತಂಡದವರೆಲ್ಲ ಸಾಲಾಗಿ ಕೂತಿದ್ದರು. ನಾವು ಮೇಷ್ಟ್ರು ಎಂದು ಕರೆಯುವ ಯಜಮಾನರು ಕನಸಿನಲ್ಲಿ ನಿಜವಾದ ಮೇಷ್ಟ್ರೇ ಆಗಿ, ಪ್ರಶ್ನೆಪತ್ರಿಕೆ ಹಂಚುತ್ತ ಬಂದು ನನ್ನೊಬ್ಬಳನ್ನು ದಾಟಿ ಹೋದರು. ನನಗೂ ಬೇಕೆಂದು ಕೈ ಚಾಚಿದರೆ, "ನಿಂದು ಆಗ್ಲೇ ಮುಗೀತಲ್ಲಮ್ಮ" ಅಂದರು. ಎದ್ದಾಗ ದಿಂಬೆಲ್ಲ ಬೆವರು.

ನಿನ್ನ ಕಾಗದ ಬಂದು ಎಷ್ಟು ದಿನವಾಯಿತು! ಉತ್ತರ ಬರೆಯದಿದ್ದಕ್ಕೆ ಬಯ್ಯಬೇಡ. ಎರಡು ಸಲ ಬರೆದು ಹರಿದೆ. ನೀನು ಚೆನ್ನಾಗಿದ್ದೀಯ ತಾನೇ? ಮಗುವಿನ ಕೆಮ್ಮು ಪೂರ್ತಿ ಹೋಯಿತಾ? ಹೋಗಿದೆ ಎಂದು ಅನ್ನಿಸಿದರೂ ಒಮ್ಮೆ ಡಾಕ್ಟರಿಗೆ ತೋರಿಸು.

ನಿಮ್ಮ ತಂಡದಲ್ಲಿ ಜಾಗ ಇದೆ, ಬಾ ಎಂದು ಕರೆದಿದ್ದೆಯಲ್ಲ, ಅದಕ್ಕೆ ಏನು ಹೇಳುವುದೆಂದು ತೋಚದೆ ಒದ್ದಾಡುತ್ತಿದ್ದೆ. ನೀನು ಈ ಆಫೀಸು ಬಿಟ್ಟು ಹೋದ ಮೇಲೆ ಇಲ್ಲಿ ಏನಾಯಿತೆಂದು ಮೊದಲು ಹೇಳುತ್ತೇನೆ. ಜಗಳ ಗಿಗಳ ಏನೂ ಇಲ್ಲ. ಜಗಳವಾದರೂ ಆಗಿದ್ದರೆ ಬಿಡುವುದು ಸುಲಭವಾಗುತ್ತಿತ್ತು.

ಆಸ್ಪತ್ರೆಗೆ ಮಾಡಿಕೊಡುತ್ತಿರುವ ಆ ಸಾಫ್ಟ್‌ವೇರ್ ಕೆಲಸ ಇನ್ನೂ ನಡೆಯುತ್ತಲೇ ಇದೆ. ಕೆಲಸವನ್ನು ತುಂಡು ತುಂಡಾಗಿ ಮುಗಿಸುತ್ತ ಹೋಗುವ ಪದ್ಧತಿಗೆ ಅಜೈಲ್ ಎಂದು ದೊಡ್ಡ ಹೆಸರು ಹೇಳಿ ನೀನು ಕಲಿಸಿದ್ದೆಲ್ಲ ಹೆಸರಿಗೆ ಇದೆ. ಬೆಳಗ್ಗೆ ನಿಂತುಕೊಂಡು ಎರಡೆರಡು ಮಾತು ಹೇಳುವುದಿತ್ತಲ್ಲ, ಈಗ ಕೂತು ಕಾಫಿ ಕುಡಿಯುತ್ತ ಆಗುತ್ತದೆ. ಎಲ್ಲರದೂ ಒಂದೇ ಮಾತು, ನಿನ್ನೆ ಮಾಡಿದ್ದೇ ಇವತ್ತೂ. ಮಾಡಿದಷ್ಟನ್ನು ಆಗಾಗ ಆಸ್ಪತ್ರೆಯವರಿಗೆ ತೋರಿಸಿ ತಿದ್ದಿಕೊಳ್ಳೋಣ ಎಂದರೆ ಮೇಷ್ಟ್ರು ನಗುತ್ತಾರೆ. "ಅರ್ಧ ಬೆಂದಿದ್ದನ್ನ ಯಾರಾದ್ರೂ ಬಡಿಸ್ತಾರೇನಮ್ಮ? ಪೂರ್ತಿ ಆಗ್ಲಿ, ಮರ್ಯಾದೆಯಾಗಿ ಒಟ್ಟಿಗೆ ತೋರಿಸೋಣ." ತಂಡದ ಯಜಮಾನರು ಅಷ್ಟು ಅಕ್ಕರೆಯಿಂದ ಹೇಳಿದರೆ ನಾನು ಎದುರಾಡುವುದು ಹೇಗೆ? ತಪ್ಪು ಹುಡುಕುವ ಕೆಲಸ ನನ್ನದು. ಎಲ್ಲ ಮುಗಿದ ಮೇಲೆ ಹುಡುಕಿದರೆ ತಿದ್ದುವವರು ಯಾರು?

ಒಂದು ಗುಟ್ಟು ಹೇಳುತ್ತೇನೆ, ನಗಬೇಡ. ಗೋಡೆಯ ಮೇಲೆ ನೀನು ಮೂರು ಸಾಲು ಮಾಡಿ ಚೀಟಿ ಅಂಟಿಸಿದ್ದೆಯಲ್ಲ, ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಎಂದು? ಅವರವರ ಚೀಟಿ ಅವರವರೇ ಸರಿಸಬೇಕು ಎಂದು ಎಷ್ಟು ಹೇಳಿದ್ದೆ. ನೀನು ಕೆಲಸ ಬಿಟ್ಟ ವಾರದಿಂದಲೇ ಎಲ್ಲರೂ ಕೈಬಿಟ್ಟರು. ಚೀಟಿಗಳು ಇದ್ದಲ್ಲೇ ಇರುವುದನ್ನು ನೋಡಲಾಗದೆ ನಾನೇ ಬೇಗ ಹೋಗಿ, ಯಾರು ಯಾವ ಕೆಲಸದಲ್ಲಿದ್ದಾರೆಂದು ಅವರ ಮಾತಿನಿಂದಲೇ ತಿಳಿದುಕೊಂಡು, ಎಲ್ಲರ ಚೀಟಿಯನ್ನೂ ಸರಿಸುತ್ತ ಬಂದೆ. ಇವತ್ತಲ್ಲ ನಾಳೆ ಅವರಿಗೂ ರೂಢಿಯಾದೀತು ಎಂಬ ಆಸೆ. ಮೇಲಿನ ಆಫೀಸಿನವರು ಬಂದು ಗೋಡೆ ನೋಡಿ ಹೊಗಳಿ ಹೋದರು. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ನಾನು ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಅವರು ಹೋಗುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಆಮೇಲೆ ನನಗೆ ಜ್ವರ ಬಂತು. ಇಡೀ ವಾರ ಮಲಗಿದೆ. ಇವರ ಮನಸ್ಸು ಎಂಥದ್ದು ಗೊತ್ತಾ ಅಕ್ಕ, ದಿನಕ್ಕೊಬ್ಬರು ಮನೆಗೆ ಬಂದರು. ಮೇಷ್ಟ್ರು ಹೆಂಡತಿಯ ಕೈಲಿ ಗಂಜಿ ಮಾಡಿಸಿ ತಂದರು. ಪಕ್ಕದ ಕುರ್ಚಿಯವಳು ನನ್ನ ತಲೆ ಬಾಚಿ ಜಡೆ ಹಾಕಿದಳು. ನನ್ನ ಅಮ್ಮ ಇದ್ದಿದ್ದರೂ ಅಷ್ಟು ನೋಡಿಕೊಳ್ಳುತ್ತಿರಲಿಲ್ಲವೇನೋ.

ಜ್ವರ ಬಿಟ್ಟು ಆಫೀಸಿಗೆ ಹೋದರೆ ಗೋಡೆ ನಾನು ಬಿಟ್ಟು ಹೋದ ಹಾಗೇ ಇತ್ತು. ಒಂದೇ ಒಂದು ಚೀಟಿ ಅಲುಗಿರಲಿಲ್ಲ. ಅಲುಗಿಲ್ಲ ಎಂಬುದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರ ಕೆಳಗೇ ಕೂತು ನನಗಾಗಿ ಕಿತ್ತಳೆ ಸುಲಿಯುತ್ತಿದ್ದರು.

ಅವತ್ತು ಸಂಜೆ ಸಭೆಯಲ್ಲಿ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. "ಈ ಪದ್ಧತಿ ನಿಮಗೆ ಬೇಡ್ವಾ? ಬೇಡ ಅಂದ್ರೆ ಬೇಡ ಅನ್ನಿ, ನಂಗೇನೂ ಬೇಜಾರಿಲ್ಲ." ಯಾರೂ ಬಾಯಿ ಬಿಡಲಿಲ್ಲ. ಇನ್ನು ಇಲ್ಲಿರುವುದರಲ್ಲಿ ಅರ್ಥವಿಲ್ಲ ಎಂದು ಆಗಲೇ ತಿಳಿಯಿತು.

ಮರುದಿನ ರಾಜೀನಾಮೆ ಕೊಟ್ಟೆ. ಈ ತಿಂಗಳು ಮುಗಿಸಿ ಬರುತ್ತೇನೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಎಲ್ಲೇ ಇರು, ಊಟ ಸರಿಯಾಗಿ ಮಾಡು" ಅಂದರು. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು ಆಮೇಲೆ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡೆ. ಯಾವ ಶಾಲೆಯನ್ನೂ ಕೊನೆ ಮುಟ್ಟಿಸಿದವಳಲ್ಲ ನಾನು. ಅಪ್ಪನಿಗೆ ಬೇರೆ ಊರಿಗೆ ವರ್ಗವಾದಾಗಲೆಲ್ಲ ನಡುವೆಯೇ ಎದ್ದು ಬಂದೆ. ಇದೂ ಹಾಗೇ ಅರ್ಧಕ್ಕೆ ಓಡಿಬರುತ್ತಿದ್ದೇನಾ, ಇಲ್ಲಾ ಹೊತ್ತು ನೋಡಿಯೇ ಹೊರಡುತ್ತಿದ್ದೇನಾ? ಹೊರಡುವ ಹೊತ್ತು ನಿನಗೆ ಹೇಗೆ ಗೊತ್ತಾಯಿತು, ಅದನ್ನು ನನಗೆ ಯಾಕೆ ಕಲಿಸಲಿಲ್ಲ?

ಅಲ್ಲಿ ಬಾಡಿಗೆಗೆ ಸಣ್ಣದೊಂದು ಕೋಣೆ ನೋಡಿರು. ಕಿಟಕಿ ಬೀದಿಗಿರಲಿ. ಚಿಲಕ ಗಟ್ಟಿ ಇದೆಯಾ ಎಂದು ಎಳೆದು ನೋಡು. ಮಗುವಿಗೆ ನೂರು ಮುತ್ತು. ನಿನ್ನ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿ ನಗುನಗುತ್ತ ಇರಲಿ. ದಿನವೂ ಮಲಗುವ ಮುನ್ನ ದೀಪ ಆರಿಸುವಾಗ ಅದನ್ನೇ ಬೇಡಿಕೊಳ್ಳುತ್ತೇನೆ.

ನಿನ್ನ,
ಪುಕ್ಕಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ ಎಂದೆನಲ್ಲ, ಅದು ಸುಳ್ಳು. ಪಕ್ಕದ ಕುರ್ಚಿಯವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು, "ನಿಂಗಿಷ್ಟ ಅಂತ ತಾನೇ ಕಣೇ ಇಷ್ಟು ದಿನ ಅದನ್ನ ಗೋಡೆ ಮೇಲೆ ಇಟ್ಕೊಂಡಿರೋದು." ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಅವರನ್ನು ದಾರಿಗೆ ತರುತ್ತಿದ್ದೇನೆ ಎಂದುಕೊಂಡಿದ್ದೆ ಅಕ್ಕ. ಅವರು ಮಗುವಿನ ಆಟದ ಸಾಮಾನಿನ ಹಾಗೆ ಅದನ್ನು ನನಗೆ ಬಿಟ್ಟುಕೊಟ್ಟಿದ್ದರು. ಅಷ್ಟು ಪ್ರೀತಿಯಿಂದ ಹೇಳಿದ ಮಾತು ಇಷ್ಟು ನೋಯುವುದುಂಟಾ?

ನಿಮ್ಮಲ್ಲಿ ಎಲ್ಲರೂ ಅವರವರ ಚೀಟಿ ಅವರೇ ಸರಿಸುತ್ತಾರೆ ಎಂದು ಬರೆದಿದ್ದೀಯ. ನಿನ್ನ ಮಾತಿನ ಮೇಲೆ ಅಪನಂಬಿಕೆಯಲ್ಲ. ಆದರೂ ಒಂದು ದಿನ ರಜೆ ಹಾಕಿ, ಮಾರನೇ ದಿನ ಎಲ್ಲರಿಗಿಂತ ಮೊದಲು ಹೋಗಿ, ಗೋಡೆಯನ್ನು ಇನ್ನೊಮ್ಮೆ ನೋಡುತ್ತೀಯಾ?